ಫೀನಿಕ್ಸ್‌ನಿಂದ ಒಂದೇ ದಿನ, ಕೈಯಲ್ಲಿ ಕ್ಯಾಮೆರಾ: ಎಲ್ಲಿಗೆ ಹೋಗೋದು?

ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ಇರುವ ಕನ್ನಡದವರು, ಅವರ ಮನೆಗೆ ಬರುವ ನೆಂಟರು, ಎಲ್ಲರೂ ಕೊನೆಗೆ ಕೇಳುವುದು ಇದನ್ನೇ: "ಗ್ರ್ಯಾಂಡ್ ಕ್ಯಾನಿಯನ್ ಆಯ್ತು. ಇನ್ನೊಂದು ದಿನ ಇದೆ, ಕ್ಯಾಮೆರಾನೂ ಇದೆ. ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರೋ ಹಾಗೆ ಎಲ್ಲಿಗೆ ಹೋಗೋದು?" ಕೇಳುವಾಗಲೇ ಅವರ ತಲೆಯಲ್ಲಿ ಉತ್ತರದ ಆಂಟಲೋಪ್ ಕ್ಯಾನಿಯನ್ ಎಂಬ ಇಕ್ಕಟ್ಟಾದ ಕಲ್ಲಿನ ಕಣಿವೆ ಇರುತ್ತದೆ. ಜಾಗ ಚೆಂದವೇ, ತಕರಾರಿಲ್ಲ. ಆದರೆ ಹೋಗಲು ನಾಲ್ಕೂವರೆ ಗಂಟೆ, ಬರಲು ಅಷ್ಟೇ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಅವರು ತೋರಿಸಿದಲ್ಲಿ ನಿಂತು, ಮುಂದಿದ್ದವರು ತೆಗೆದ ಫೋಟೋವನ್ನೇ ತೆಗೆದು, ಹಿಂದಿನವರಿಗೆ ಜಾಗ ಬಿಡಬೇಕು.

ನಾನು ಹೇಳುವುದು ಒಂದೇ: ದಕ್ಷಿಣಕ್ಕೆ ಹೋಗಿ. ಟೂಸಾನ್ ನಗರದ ಕಡೆಗೆ ಮೂರು ಜಾಗಗಳಿವೆ, ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು, ಸಂಜೆಗೊಂದು. ಈ ಸೀಮೆಯಲ್ಲಿ ಹೊತ್ತು ತಪ್ಪಿದರೆ ಎಂಥ ಜಾಗವೂ ಕೆಟ್ಟಿತು. ನಡುಹಗಲಿನ ಬಿಸಿಲಿಗೆ ಕಲ್ಲು, ಕಳ್ಳಿ, ಆಕಾಶ ಎಲ್ಲವೂ ಮಾಸಲು.

ಮೊದಲನೆಯದು ಕೂಲಿಜ್ ಊರಿನ ಕಾಸಾ ಗ್ರಾಂಡೆ, ಸುಮಾರು ಒಂದು ಗಂಟೆಯ ದಾರಿ. ಗಿಲಾ ನದಿಯಿಂದ ಕಾಲುವೆ ತೋಡಿ ಮರುಭೂಮಿಯಲ್ಲಿ ಮೆಕ್ಕೆಜೋಳ, ಹತ್ತಿ ಬೆಳೆದ ಹೊಹೊಕಾಮ್ ಜನ ಕ್ರಿ.ಶ. 1350ರ ಸುಮಾರಿಗೆ ಕಟ್ಟಿದ ನಾಲ್ಕಂತಸ್ತಿನ ಮಣ್ಣಿನ ಮನೆ ಇದು. ಕಲೀಚೆ ಎಂಬ ಸುಣ್ಣದಂಶದ ಗಟ್ಟಿ ಮಣ್ಣನ್ನು ಕಲಸಿ, ವರಸೆಯ ಮೇಲೆ ವರಸೆ ಇಟ್ಟು ಎಬ್ಬಿಸಿದ ಗೋಡೆ ಬುಡದಲ್ಲಿ ನಾಲ್ಕು ಅಡಿ ದಪ್ಪ. ತೊಲೆಗೆ ಬೇಕಾದ ಪೈನ್, ಜುನಿಪರ್ ಮರ ಹತ್ತಿರದಲ್ಲಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ತಂದಿದ್ದಾರೆ. 1892ರಲ್ಲಿ ಅಮೆರಿಕ ಸರ್ಕಾರ ಕಾಪಾಡಲು ಎತ್ತಿಕೊಂಡ ಮೊಟ್ಟಮೊದಲ ಪ್ರಾಚೀನ ನೆಲೆಯೂ ಇದೇ.

ಗೋಡೆಗಳು ನೇರ ನಾಲ್ಕು ದಿಕ್ಕಿಗೆ ನಿಂತಿವೆ. ಪಶ್ಚಿಮದ ಗೋಡೆಯ ಮೇಲಿನ ದುಂಡು ಕಿಂಡಿ, ಜೂನ್ ತಿಂಗಳ ಅತಿ ಉದ್ದದ ಹಗಲು ಮುಗಿಯುವಾಗ ಮುಳುಗುವ ಸೂರ್ಯನಿಗೆ ಸರಿಯಾಗಿ ಕೂರುತ್ತದೆ. ಬೆಳಕಿನ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮನೆಯೊಳಗೆ ಪ್ರವೇಶವಿಲ್ಲ, ಆದರೆ ಚಳಿಗಾಲದ ಬೆಳಿಗ್ಗೆ, ಸೂರ್ಯ ಆಗ್ನೇಯದಲ್ಲಿ ತಗ್ಗಿನಲ್ಲಿರುವಾಗ, ದಕ್ಷಿಣದ ಗೋಡೆಗೆ ಓರೆ ಬಿಸಿಲು ಬಿದ್ದು ಮಣ್ಣಿನ ಒಂದೊಂದು ವರಸೆಯೂ ಎದ್ದು ಕಾಣುತ್ತದೆ. ಸೂರ್ಯ ಏರಿದರೆ ಚಾವಣಿಯ ನೆರಳು ಬಂದು ಎಲ್ಲ ಕಪ್ಪು. ಹೌದು, ಮನೆಯ ಮೇಲೆ 1932ರ ಒಂದು ಭಾರಿ ಉಕ್ಕಿನ ಚಾವಣಿ ಇದೆ. ಫೋಟೋ ಹಾಳಾಯಿತು ಎಂದು ಎಲ್ಲರೂ ಗೊಣಗುತ್ತಾರೆ, ಕೆಲವರು ಫೋಟೋಶಾಪ್‌ನಲ್ಲಿ ಅಳಿಸಿಯೂ ಬಿಡುತ್ತಾರೆ. ನನಗೆ ಅದು ಸರಿ ಕಾಣದು. ಆ ಕೊಡೆ ಹಿಡಿಯದಿದ್ದರೆ ಮಳೆಗೆ ಗೋಡೆ ಕರಗುತ್ತಿತ್ತು. ಅದನ್ನೂ ಸೇರಿಸಿಯೇ ತೆಗೆಯಿರಿ.

ಮಧ್ಯಾಹ್ನಕ್ಕೆ ಟೂಸಾನ್ ದಾಟಿ ಸ್ಯಾನ್ ಹವಿಯೇರ್ ಚರ್ಚ್. ಕೀನೊ ಎಂಬ ಜೆಸ್ಯೂಟ್ (ಒಂದು ಕ್ಯಾಥೊಲಿಕ್ ಸಂಘ) ಪಾದ್ರಿ 1692ರಲ್ಲಿ ಇಲ್ಲಿ ಮಿಷನ್ ಶುರುಮಾಡಿದರು. ಈಗಿನ ಕಟ್ಟಡ 1783ರಿಂದ 1797ರ ನಡುವಿನದು. ಎರಡು ಗೋಪುರಗಳಲ್ಲಿ ಪೂರ್ವದ್ದಕ್ಕೆ ಇವತ್ತಿಗೂ ಗುಮ್ಮಟವಿಲ್ಲ. ಚೌಕಟ್ಟಿನ ತುಂಬ ಬಿಳಿ ಗೋಡೆಯೇ ಇದ್ದರೆ ಕ್ಯಾಮೆರಾ ಮೋಸ ಹೋಗಿ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ (ಅಂದರೆ ಬೆಳಕು ಎರಡು ಪಟ್ಟು), ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಮೇಲೆ ಕಣ್ಣಿರಲಿ. ಬಿಸಿಲು ಸುಡುವ ಹೊತ್ತಿಗೆ ಒಳಗೆ ಹೋಗಿ: ಬಣ್ಣದ ಕೆತ್ತನೆ ತುಂಬಿದ ಪೀಠ, ಮಬ್ಬು ಬೆಳಕು. ಫ್ಲ್ಯಾಶ್ ಬೇಡ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ. ಇದು ಇಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓಡಮ್ ಜನರ ನೆಲ, ಇಂದಿಗೂ ಪೂಜೆ ನಡೆಯುವ ಚರ್ಚು. ಪ್ರಾರ್ಥನೆ ನಡೆಯುತ್ತಿದ್ದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಹೊರಗೆ ಚಪ್ಪರದಡಿ ಓಡಮ್ ಹೆಂಗಸರು ಬಿಸಿ ಬಿಸಿ ಫ್ರೈ ಬ್ರೆಡ್ (ಕರಿದ ರೊಟ್ಟಿ) ಮಾರುತ್ತಾರೆ. ಊಟ ಅದೇ.

ಸಂಜೆಗೆ ಸವಾರೊ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಭಾಗ. ಸವಾರೊ ಕಳ್ಳಿಗೆ ಮೊದಲ ತೋಳು ಮೂಡಲು ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು, ನಾಲ್ಕೈದು ತೋಳಿನ ಕಂಬ ಕಂಡರೆ ಅದರ ವಯಸ್ಸು ನೀವೇ ಊಹಿಸಿ. ಸೂರ್ಯನನ್ನು ಕಂಬದ ಹಿಂದಕ್ಕೆ ಬಿಡಿ, ಮುಳ್ಳಿನ ಅಂಚೆಲ್ಲ ಹೊಳೆಯುತ್ತದೆ. ಸಿಗ್ನಲ್ ಹಿಲ್ ಎಂಬ ಗುಡ್ಡದ ಬಂಡೆಗಳ ಮೇಲೆ ಹೊಹೊಕಾಮ್ ಜನ ಕೊರೆದ ಸುರುಳಿ ಇದೆ, ಅದಕ್ಕೂ ಇಳಿಬಿಸಿಲೇ ಒಳ್ಳೆಯದು. ಡ್ರೋನ್ ಮನೆಯಲ್ಲಿಡಿ, ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ನಿಷೇಧ. ಬದಲಿಗೆ ಒಂದು ಬಾಚಣಿಗೆ ತನ್ನಿ. ಚೋಯಾ ಕಳ್ಳಿ ತಾಗಿದರೆ ಮುಳ್ಳಿನ ಉಂಡೆಯೇ ಕಿತ್ತು ಪ್ಯಾಂಟಿಗೆ ಅಂಟುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಅಂಟುತ್ತದೆ. ಬಾಚಣಿಗೆ ತೂರಿಸಿ ಚಿಮ್ಮಿಸಬೇಕು.

ಇದೆಲ್ಲ ನವೆಂಬರಿನಿಂದ ಮಾರ್ಚ್‌ವರೆಗಿನ ಮಾತು. ನಮ್ಮ ಅಪ್ಪ ಅಮ್ಮಂದಿರು ಬರುವುದು ಮೇ ತಿಂಗಳಲ್ಲಿ! 2023ರಲ್ಲಿ ಫೀನಿಕ್ಸ್‌ನಲ್ಲಿ 31 ದಿನ ಬಿಡದೆ ಬಿಸಿಲು 43 ಡಿಗ್ರಿ ಮುಟ್ಟಿತ್ತು. ಹಾಗಿರುವಾಗ ಕ್ರಮ ತಿರುಗಿಸಿ. ಕತ್ತಲಲ್ಲೇ ಹೊರಟು ಸೂರ್ಯೋದಯಕ್ಕೆ ಸವಾರೊ ಕಾಡಿನಲ್ಲಿರಿ. ಮೇ, ಜೂನ್‌ನಲ್ಲಿ ತೋಳಿನ ತುದಿಯಲ್ಲಿ ಬಿಳಿ ಹೂ. ರಾತ್ರಿ ಅರಳಿದ್ದು ಮರುದಿನ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಹತ್ತಕ್ಕೆ ಚರ್ಚು, ಕಾಸಾ ಗ್ರಾಂಡೆ ಬಿಡಿ, ಊಟದ ಹೊತ್ತಿಗೆ ಮನೆ. ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಹೆದ್ದಾರಿಗೆ ದೂಳಿನ ಗೋಡೆ ನುಗ್ಗಿದರೆ ರಸ್ತೆಯಿಂದ ಪೂರ್ತಿ ಆಚೆ ಸರಿದು ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಮೇಲಿನ ಕಾಲು ತೆಗೆಯಿರಿ. ಹಿಂದಿನ ಕೆಂಪು ದೀಪ ಉರಿಯುತ್ತಿದ್ದರೆ ಅದೇ ರಸ್ತೆ ಎಂದುಕೊಂಡು ಬೇರೆ ಗಾಡಿ ನಿಮ್ಮ ಮೇಲೇ ಬರುತ್ತದೆ.