ಹೆಲ್ಮೆಟ್, ಗುರಾಣಿ ಎಲ್ಲವೂ ಕೆಳಗಿಳಿದ ದಿನ

ಏಪ್ರಿಲ್ 27, 2025, ಭಾನುವಾರ
ಕಲಬುರಗಿ

ಇವತ್ತು ನಸುಕಿನಲ್ಲೇ ಎದ್ದು ಮೇಲಿನ ಕೋಣೆ ಖಾಲಿ ಮಾಡಿದೆವು. ಆ ಕೋಣೆಗೆ ತಗಡಿನ ಪತ್ರಾದ ಹೊದಿಕೆ. ಏಪ್ರಿಲ್ ಕೊನೆಗೆ ಬಂತೆಂದರೆ ನಮ್ಮೂರಿನಲ್ಲಿ ಹತ್ತು ಗಂಟೆಯ ಮೇಲೆ ಅಲ್ಲಿ ನಿಲ್ಲೋಕೆ ಆಗಲ್ಲ. ಮನುಷ್ಯರಾದರೆ ಕೆಳಗೆ ಬಂದು ಕೂಲರ್ ಮುಂದೆ ಕೂರಬಹುದು. ಅಲ್ಮಾರಿಯಲ್ಲಿರುವ ಐರನ್ ಮ್ಯಾನ್ ಹೆಲ್ಮೆಟ್, ಬ್ಯಾಟ್‌ಮ್ಯಾನ್ ಮುಖವಾಡ, ಕ್ಯಾಪ್ಟನ್ ಅಮೆರಿಕಾ ಗುರಾಣಿ ಎಲ್ಲಿಗೆ ಹೋಗಬೇಕು? ನಾವೇ ಇಳಿಸಬೇಕು.

ಕೆಳಗೆ ನಡುಮನೆಗೆ ಶಹಾಬಾದ್ ಕಲ್ಲು ಹಾಸಿದೆ. ಮಟಮಟ ಮಧ್ಯಾಹ್ನದಲ್ಲೂ ಅಂಗಾಲಿಗೆ ತಣ್ಣಗೆ ಹತ್ತುತ್ತದೆ. ಅಲ್ಲೇ ಗೋಡೆ ಪಕ್ಕ ಜಾಗ ಮಾಡಿದೆ. ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದ ಅವ್ವ ನೋಡಿ, "ಬ್ಯಾಸಿಗಿ ಬಂತಂದ್ರ ನಾ ಸಾಮಾನು ಮ್ಯಾಲ ಒಯ್ತೀನಿ, ನೀ ಕೆಳಗ ತರ್ತಿ" ಅಂದಳು. ಅಕ್ಕನ ಮಗ ರಜೆಗೆ ಬಂದಿದ್ದಾನೆ. ಅವನು ಒಂದೊಂದೇ ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದ. ಒಂದನ್ನೂ ಗೋಡೆಗೆ ತಾಗಿಸಲಿಲ್ಲ.

ನಾನು ಕೂಡಿಸುವುದು ಸೂಪರ್‌ಹೀರೋ ಸಿನಿಮಾಗಳ ರೆಪ್ಲಿಕಾಗಳನ್ನು, ಅಂದರೆ ಅಲ್ಲಿ ಕಾಣುವ ವಸ್ತುಗಳ ಪಡಿಯಚ್ಚುಗಳನ್ನು; ಅದರಲ್ಲೂ ಮೈಮೇಲೆ ತೊಡಬಹುದಾದವನ್ನು ಮಾತ್ರ. ಗಾಜಿನ ಪೆಟ್ಟಿಗೆಯಲ್ಲಿಡುವ ಬೊಂಬೆಗಳನ್ನು ಕೂಡಿಸುವ ಗೆಳೆಯರಿದ್ದಾರೆ. ಅವೂ ಚೆಂದವೇ. ಆದರೆ ನನಗೆ ತೊಟ್ಟು ನೋಡಬೇಕು. ತೊಟ್ಟಾಗಲೇ ಅದನ್ನು ಮಾಡಿದವರು ಎಲ್ಲೆಲ್ಲಿ ತಲೆ ಕೆಡಿಸಿಕೊಂಡಿದ್ದಾರೆ ಅಂತ ಗೊತ್ತಾಗುವುದು. ಕುತ್ತಿಗೆ ತಿರುಗುತ್ತದೋ ಇಲ್ಲವೋ, ಕಣ್ಣಿಗೆ ಎಷ್ಟು ಕಾಣುತ್ತದೆ, ಉಸಿರು ಎಲ್ಲಿಂದ ಹೊರಗೆ ಹೋಗುತ್ತದೆ, ಇದೆಲ್ಲ ಫೋಟೋದಲ್ಲಿ ಕಾಣಲ್ಲ.

ಇದಕ್ಕೆ ಬ್ಯಾಟ್‌ಮ್ಯಾನ್ ಮುಖವಾಡಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಇಲ್ಲ. 1989ರ ಸಿನಿಮಾದಲ್ಲಿ ಮೈಕೆಲ್ ಕೀಟನ್ ಹಾಕಿದ್ದ ಮುಖವಾಡವೂ ಕುತ್ತಿಗೆಯೂ ಒಂದೇ ರಬ್ಬರಿನ ತುಂಡು. ತಲೆ ತಿರುಗಿಸೋಕೆ ಆಗುತ್ತಿರಲಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಬ್ಯಾಟ್‌ಮ್ಯಾನ್‌ನ ಆ ಗಡುಸು ನಡಿಗೆ, ಆ ಗತ್ತು ಬಂದದ್ದರಲ್ಲಿ ಇದರ ಪಾಲೂ ಇದೆ. 2008ರ 'ದಿ ಡಾರ್ಕ್ ನೈಟ್' ಹೊತ್ತಿಗೆ ತಲೆಯ ಭಾಗವನ್ನು ಕುತ್ತಿಗೆಯಿಂದ ಬೇರೆ ಮಾಡಿದರು. ತಲೆ ತಿರುಗಿತು. ಕಥೆಯಲ್ಲೂ ಬ್ರೂಸ್ ವೇಯ್ನ್, ಅಂದರೆ ಮುಖವಾಡದೊಳಗಿನ ಮನುಷ್ಯ, ತಲೆ ತಿರುಗಿಸಲು ಬರುವಂಥ ಹೊಸ ಉಡುಪು ಬೇಕು ಅಂತ ಕೇಳುತ್ತಾನೆ. ನನ್ನಲ್ಲಿರುವುದು ಹಳೆಯ ನಮೂನೆಯ ಲ್ಯಾಟೆಕ್ಸ್ ಮುಖವಾಡ. ಅದನ್ನು ಹಾಕಿಕೊಂಡು ಬಾಗಿಲಲ್ಲಿ ಯಾರೋ ಕೂಗಿದರೆ ಭುಜ, ಸೊಂಟ ಎಲ್ಲ ಸೇರಿ ತಿರುಗುತ್ತವೆ. ಆ ಕ್ಷಣಕ್ಕೆ ಕೀಟನ್ ಪಟ್ಟ ಪಾಡು ಮೈಗೇ ಅರ್ಥವಾಗುತ್ತದೆ.

ಬಿಸಿಲಿಗೆ ಮೊದಲು ಕೆಡುವುದೂ ಇದೇ. ಲ್ಯಾಟೆಕ್ಸಿಗೆ ಬಿಸಿ, ಬೆಳಕು, ಎಣ್ಣೆ ಮೂರೂ ಆಗಿಬರಲ್ಲ. ಮೊದಲು ಅಂಟಂಟಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ನಮ್ಮ ಕಡೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚದ ಮನೆ ಇಲ್ಲ. ಎಣ್ಣೆ ತಲೆಯ ಮೇಲೆ ನೇರವಾಗಿ ಲ್ಯಾಟೆಕ್ಸ್ ಎಳೆದುಕೊಂಡರೆ ಒಳಮೈ ಮೆತ್ತಗಾಗಿ ಹಾಳಾಗುತ್ತದೆ. ಅದಕ್ಕೇ ಕೆಳಗೆ ತೆಳ್ಳನೆ ಹತ್ತಿ ಬಟ್ಟೆ ಕಟ್ಟಿಕೊಳ್ಳಬೇಕು. ತೆಗೆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ, ಒಳಗೆ ಟಾಲ್ಕಂ ಪೌಡರ್ ಸವರಬೇಕು. ಸುಮ್ನೆ ಮಡಚಿ ಇಟ್ಟರೆ ಮಡಿಕೆ ಬಿದ್ದ ಕಡೆಯೇ ಸೀಳುತ್ತದೆ. ಇವತ್ತು ಅದರೊಳಗೆ ಹಳೆ ಧೋತರದ ತುಂಡು ತುಂಬಿ, ಗಡಿಗೆಯ ಮೇಲೆ ಕೂರಿಸಿ, ಕಪ್ಪು ಬಟ್ಟೆ ಹೊದಿಸಿದೆ.

ಐರನ್ ಮ್ಯಾನ್ ಹೆಲ್ಮೆಟ್ಟಿಗೆ ಅಷ್ಟು ಭಯ ಇಲ್ಲ. ಕಥೆಯಲ್ಲಿ ಆ ಕವಚ ಚಿನ್ನ-ಟೈಟಾನಿಯಂ ಮಿಶ್ರಲೋಹದ್ದು. ಎತ್ತರಕ್ಕೆ ಹಾರಿದಾಗ ಮಂಜು ಕಟ್ಟುತ್ತದೆ ಅಂತ ಅದನ್ನು ತೊಡುವ ಟೋನಿ ಸ್ಟಾರ್ಕ್ ಆ ಲೋಹ ಆರಿಸಿದ. ನನ್ನಲ್ಲಿರುವುದು ಎಬಿಎಸ್ ಪ್ಲಾಸ್ಟಿಕ್. ಅದು ಮೆತ್ತಗಾಗೋಕೆ ಸುಮಾರು 100 ಡಿಗ್ರಿ ಬೇಕು. ಕಲಬುರಗಿಯ ಬಿಸಿಲಿಗೂ ಅಷ್ಟು ಶಕ್ತಿ ಇಲ್ಲ.

ಈ ಹೆಲ್ಮೆಟ್ಟಿನ ಮೇಲೆ ನನಗೆ ಪ್ರೀತಿ ಜಾಸ್ತಿ. 2008ರ ಮೊದಲ ಸಿನಿಮಾಕ್ಕೆ ನಟರು ತೊಡುವ ನಿಜವಾದ ಕವಚ ಮಾಡಿದ್ದು ಸ್ಟಾನ್ ವಿನ್‌ಸ್ಟನ್ ಅವರ ಸ್ಟುಡಿಯೋ. ಟರ್ಮಿನೇಟರ್, ಜುರಾಸಿಕ್ ಪಾರ್ಕ್‌ನ ಡೈನೋಸಾರ್ ಮಾಡಿದ ಅದೇ ಮನುಷ್ಯ. ಸಿನಿಮಾ ತೆರೆಗೆ ಬಂದು ಎರಡು ತಿಂಗಳೊಳಗೆ ತೀರಿಕೊಂಡರು. ಹಾರುವ, ಹೊಡೆದಾಡುವ ದೃಶ್ಯಗಳಲ್ಲಿ ಕಂಪ್ಯೂಟರ್ ಕೆಲಸ ಬಹಳ ಇದೆ, ನಿಜ. ಆದರೆ ಲೋಹದ ಮೇಲೆ ದೀಪ ಬಿದ್ದರೆ ಹೇಗೆ ಹೊಳೆಯುತ್ತದೆ, ಬಣ್ಣ ಎಲ್ಲಿ ಕೆತ್ತಿಹೋಗುತ್ತದೆ ಅಂತ ತೋರಿಸಿಕೊಟ್ಟಿದ್ದು ಕೈಯಲ್ಲಿ ಮಾಡಿದ ಆ ಕವಚ.

ನನ್ನ ಹೆಲ್ಮೆಟ್ಟಿನಲ್ಲಿ ಮುಖದ ತಗಡು ಬೇರೆಯಾಗಿ ಬರುತ್ತದೆ. ಒಳಗಿನ ಆಯಸ್ಕಾಂತಗಳು ಹತ್ತಿರ ಬರುತ್ತಲೇ ಅದನ್ನು ಎಳೆದುಕೊಂಡು ಟಕ್ ಅಂತ ಕೂರಿಸುತ್ತವೆ. ತಿರುಗಿಸಿ ಒಳಗೆ ನೋಡಿದರೆ ನೆತ್ತಿಯ ಹತ್ತಿರ ಒಂದು ಮೆತ್ತೆ, ಕಪಾಳದ ಬಳಿ ಎರಡು ಚಿಕ್ಕವು, ಹಿಂದೆ ಬಿಗಿ ಮಾಡುವ ಪಟ್ಟಿ. ಕಣ್ಣಿನ ದೀಪ ಹೊತ್ತಿಕೊಂಡಾಗ ಹೊರಗಿನವರಿಗೆ ಬೆಳ್ಳಗೆ ಕಾಣುತ್ತದೆ. ಒಳಗಿರುವವನಿಗೆ ಕಾಣುವುದು ಸಣ್ಣ ಸಂದಿನಷ್ಟೇ ಜಗತ್ತು. ಮೆತ್ತೆಗಳನ್ನು ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು ನೆರಳಿಗೆ ಹಾಕಿದೆ. ಸೆಲ್ ತೆಗೆದೆ. ಬೇಸಿಗೆಯಲ್ಲಿ ಸೆಲ್ ಒಳಗೇ ಬಿಟ್ಟರೆ ಒಸರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಹಾಗೆ ಕಟ್ಟಿದ್ದರೆ ಹತ್ತಿಗೆ ಎರಡು ಹನಿ ನಿಂಬೆರಸ ಹಾಕಿ ಒರೆಸಿ, ಒಣಗಿಸಿದರೆ ಸಾಕು.

ಅಳಿಯ ಒಂದ್ಸಲ ಹಾಕಿಕೊಂಡ. ಅವನ ತಲೆ ಅದರೊಳಗೆ ಅತ್ತಿತ್ತ ಓಲಾಡಿತು. "ಮಾಮಾ, ಒಳಗ ಭಾಳ ಕುದಿಲಿಕ್ಕತ್ತದ" ಅಂದ. ಆದರೂ ತೆಗೆಯಲಿಲ್ಲ. ಕನ್ನಡಿ ಮುಂದೆ ಹೋಗಿ ನಿಂತ.

ನಿಜವಾದ ಗಂಡಾಂತರ ಇರುವುದು 3ಡಿ ಪ್ರಿಂಟ್ ಮಾಡಿದ, ಅಂದರೆ ಯಂತ್ರ ಪದರ ಪದರವಾಗಿ ಕಟ್ಟಿದ ವಸ್ತುಗಳಿಗೆ. ಈಗ ಎಲ್ಲರೂ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿಸುತ್ತಾರೆ. ಅಗ್ಗ, ಸಲೀಸು. ಆದರೆ ಸುಮಾರು 60 ಡಿಗ್ರಿಗೇ ಅದು ಬಾಗತೊಡಗುತ್ತದೆ. ನಮ್ಮ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಬಿಸಿ ಆಗೋಕೆ ಬಹಳ ಹೊತ್ತು ಬೇಡ. ನನ್ನ ಗೆಳೆಯನೊಬ್ಬನ ಹೆಲ್ಮೆಟ್ ಹೀಗೇ ಕಾರಿನಲ್ಲಿ ಕೂತು ಗದ್ದದ ಕಡೆ ಬಾಡಿದ ಬದನೆಕಾಯಿಯಂತೆ ಜೋತುಬಿದ್ದಿತ್ತು. ಎಷ್ಟು ರಾತ್ರಿ ಉಜ್ಜುಕಾಗದ ಹಿಡಿದು ಪದರದ ಗೆರೆ ಅಳಿಸಿದ್ದನೋ ಪಾಪ. ನನಗೇ ಕರುಳು ಚುರ್ ಅಂದಿತು. ಅದಕ್ಕೇ ಯಾರು ಕೇಳಿದರೂ ನಾನು ಬೆಲೆಗಿಂತ ಮೊದಲು ಇದನ್ನೇ ಹೇಳುತ್ತೇನೆ: ಯಾವುದರಲ್ಲಿ ಮಾಡಿದ್ದು ಅಂತ ಕೇಳಿ. ದೀಪ ಎಷ್ಟು, ಸದ್ದು ಎಷ್ಟು ಅನ್ನುವುದು ಆಮೇಲೆ. ಕಲಬುರಗಿಯಲ್ಲಿ ಇಡುವ ವಸ್ತುವನ್ನು ಕಲಬುರಗಿಯ ಬಿಸಿಲಿಗೆ ತಕ್ಕಂತೆ ಆರಿಸಬೇಕು, ಅಲ್ವಾ?

ಪ್ರಿಂಟ್ ಅಂದರೆ ಕಡಿಮೆ ದರ್ಜೆ ಅಂತ ಮಾತ್ರ ತಿಳಿಯಬೇಡಿ. 2018ರ 'ಬ್ಲ್ಯಾಕ್ ಪ್ಯಾಂಥರ್'ನಲ್ಲಿ ರಾಣಿ ರಮೋಂಡಾ ಹಾಕುವ ಬಿಳಿ ಕಿರೀಟ 3ಡಿ ಪ್ರಿಂಟ್ ಮಾಡಿದ್ದು. ಜುಲು ಸಮುದಾಯದ ಮದುವೆಯಾದ ಹೆಂಗಸರು ತೊಡುವ ಅಗಲ ಟೋಪಿಯಿಂದ ಆ ಆಕಾರ ಬಂತು. ವಸ್ತ್ರವಿನ್ಯಾಸ ಮಾಡಿದ ರೂತ್ ಕಾರ್ಟರ್, ಪ್ರಿಂಟಿಂಗ್ ಗೊತ್ತಿದ್ದ ವಿನ್ಯಾಸಗಾರ್ತಿ ಜೂಲಿಯಾ ಕೋರ್ನರ್ ಜೊತೆ ಸೇರಿ ಅದನ್ನು ಮಾಡಿಸಿದರು. ರೂತ್ ಅವರಿಗೆ ಆ ಸಿನಿಮಾದ ಉಡುಪುಗಳಿಗಾಗಿ ಆಸ್ಕರ್ ಬಂತು. ಅಕ್ಕನಿಗೆ ಆ ಕಿರೀಟದ ಮೇಲೆ ಆಸೆ. ಒಳ್ಳೆ ನೈಲಾನ್‌ನಲ್ಲಿ ಮಾಡಿಸಿಕೊಡಬೇಕು ಅಂತ ನನಗೂ ಇದೆ.

ಗುರಾಣಿಯ ಕೆಲಸ ಬೇಗ ಮುಗಿಯಿತು. ಹಿಂದಿನ ಚರ್ಮದ ಪಟ್ಟಿಗಳು ಒಣಗಿದ್ದವು, ಅಷ್ಟೇ. 1941ರ ಮೊದಲ ಕಾಮಿಕ್‌ನಲ್ಲಿ ಈ ಗುರಾಣಿ ಮೂರು ಮೂಲೆಯದಾಗಿತ್ತು, ಎರಡನೇ ಸಂಚಿಕೆಯಿಂದ ದುಂಡಗಾಯಿತು ಅಂತ ಹೇಳಿದರೆ ಅಳಿಯ ನಂಬಲಿಲ್ಲ. ಫೋನಿನಲ್ಲಿ ತೋರಿಸಬೇಕಾಯಿತು.

ಖಳನಾಯಕ ಥಾನೋಸ್‌ನ ಗಾಂಟ್ಲೆಟ್, ಅಂದರೆ ಆರು ಬಣ್ಣದ ಕಲ್ಲು ಕೂರಿಸಿದ ಲೋಹದ ಕೈಗವಸು, ಕೈಗೆ ಬಂದಾಗ ಅಳಿಯನ ಸರದಿ. "ಮಾಮಾ, ಇದು ಎಡಗೈದು. ಥಾರ್ ಸಿನಿಮಾದಾಗ ಬಲಗೈದಿತ್ತು." ಸರಿಯಾಗೇ ಹಿಡಿದಿದ್ದ. 2011ರ 'ಥಾರ್'ನಲ್ಲಿ ಥಾರ್‌ನ ಅಪ್ಪ ಓಡಿನ್‌ನ ಖಜಾನೆಯಲ್ಲಿ ಕಾಣುವುದು ಬಲಗೈಯದು. 2017ರ ಥಾರ್ ಸಿನಿಮಾದಲ್ಲಿ ಓಡಿನ್‌ನ ಮಗಳು ಹೆಲಾ ಬಂದು ಅದು ನಕಲಿ ಅಂತ ಬೀಳಿಸುತ್ತಾಳೆ. ಮರುವರ್ಷದ ಸಿನಿಮಾದಲ್ಲಿ ಥಾನೋಸ್ ತೊಟ್ಟಿದ್ದು ಎಡಗೈಗೆ. ಆರು ಕಲ್ಲುಗಳ ಬಣ್ಣವನ್ನೂ ಅವನು ತಪ್ಪದೆ ಒಪ್ಪಿಸಿದ. ಈ ಹುಡುಗನಿಗೆ ಕೊಟ್ಟರೆ ನನ್ನ ಸಂಗ್ರಹ ಎಲ್ಲಿಗೂ ಹೋಗಲ್ಲ ಅನ್ನಿಸಿ ಬಹಳ ಖುಷಿಯಾಯಿತು.

ಶರಣಬಸವೇಶ್ವರ ಜಾತ್ರೆಯಲ್ಲಿ ಅವನೇ ಕೊಂಡ ತೆಳು ಪ್ಲಾಸ್ಟಿಕ್ಕಿನ ಸ್ಪೈಡರ್‌ಮ್ಯಾನ್ ಮುಖವಾಡವನ್ನೂ ಅದೇ ಸಾಲಿನಲ್ಲಿ ಇಟ್ಟೆ. ಎಲಾಸ್ಟಿಕ್ ಹರಿದಿತ್ತು. ಅವ್ವ ಹೊಸದು ಹೊಲಿದುಕೊಟ್ಟಳು.

ಅವನಿಗೆ ತನ್ನ ಅಳತೆಯದೇ ಒಂದು ಗಾಂಟ್ಲೆಟ್ ಬೇಕಂತೆ. ದೊಡ್ಡವರದ್ದರಲ್ಲಿ ಅವನ ಬೆರಳು ತುದಿ ಮುಟ್ಟಲ್ಲ. ಊಟ ಆದಮೇಲೆ ಅವನ ಮುಂಗೈ ಸುತ್ತ ಟೇಪ್ ಹಿಡಿದು, ಪ್ರತಿ ಬೆರಳಿನ ಗೆಣ್ಣು ಎಲ್ಲಿ ಬರುತ್ತದೆ ಅಂತ ಹಳೆ ಪೇಪರಿನ ಮೇಲೆ ಗುರುತು ಹಾಕಿಕೊಂಡೆವು. ಇವಿಎ ಫೋಮಿನಲ್ಲಿ ಮಾಡುವುದು. ಚಪ್ಪಲಿಯ ಅಟ್ಟೆಗೆ ಬಳಸುವ ಅದೇ ಹಾಳೆ, ಹಗುರ, ಕೈಗೆ ಚುಚ್ಚಲ್ಲ. ಅಂಟಿಸೋಕೆ ಚಪ್ಪಲಿ ಹೊಲಿಯುವವರು ಬಳಸುವ ಸಲ್ಯೂಷನ್. ಬಿಸಿಲಿಗೆ ಆ ಅಂಟೂ ಸಡಿಲಾಗುತ್ತದೆ, ಅದಕ್ಕೆ ಬೆರಳಿನ ಜೋಡುಗಳಿಗೆ ಒಳಗಿನಿಂದ ಬಟ್ಟೆಯ ಪಟ್ಟಿ ಕೊಟ್ಟು ಹೊಲಿಗೆ ಹಾಕೋಣ ಅಂದುಕೊಂಡಿದ್ದೇನೆ. ನಾಳೆ ಸಂಜೆ ಹೊತ್ತು ಇಳಿದ ಮೇಲೆ ಇಬ್ಬರೂ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ಫೋಮ್ ತರುತ್ತೇವೆ. ಕಲ್ಲುಗಳಿಗೆ ಬಳೆ ಅಂಗಡಿಯಲ್ಲಿ ಬಣ್ಣದ ಗಾಜು ಸಿಗುತ್ತದೇನೋ ನೋಡಬೇಕು. ಕಿತ್ತಳೆ ಬಣ್ಣದ್ದು ಸಿಗೋದೇ ಕಷ್ಟ ಅನ್ನಿಸುತ್ತದೆ.