ಸ್ಪೀಡ್ ನಕಾಶೆ: ಹುಳು ಕೊರೆದ ತೂತೇ ಕೈ ಹಿಡಿಯಿತು

ಹಳೆಯ ನಕಾಶೆಯ ಬೆನ್ನಿನಿಂದ ಮುಂದಕ್ಕೆ ಇಣುಕುತ್ತಿದ್ದ ಅಕ್ಷರ ಕೊನೆಗೂ ಹೋಯಿತು! ಪೂರ್ತಿ ಅಲ್ಲ, ಪ್ರಿಂಟಿಗೆ ಕಳಿಸಬಹುದು ಅನ್ನುವಷ್ಟು.

ಹೊಸಬರಿಗೆ ಎರಡು ಮಾತು. ಇಲ್ಲಿ ಇಂಗ್ಲೆಂಡಿನ ಹೈ ವಿಕಂಬ್‌ನಲ್ಲಿ ನಮ್ಮ ಇತಿಹಾಸ ಸಂಘ ಹಳೆಯ ಕಾಲದ ನಕಾಶೆಕಾರ ಜಾನ್ ಸ್ಪೀಡ್‌ನ ಬಕಿಂಗ್‌ಹ್ಯಾಮ್‌ಶರ್ ಕೌಂಟಿ ನಕಾಶೆಯನ್ನು ಮರುಮುದ್ರಣ ಮಾಡುತ್ತಿದೆ. ಅದು ಇರುವ ಅಟ್ಲಾಸ್ 1611ರದ್ದು, ನಮ್ಮ ಕೈಯಲ್ಲಿರುವ ಹಾಳೆ 1676ರ ಆವೃತ್ತಿಯದು. ಸ್ಪೀಡ್ ಕಸುಬಿನಲ್ಲಿ ದರ್ಜಿ. ತನಗಿಂತ ಮುಂಚಿನ ಸ್ಯಾಕ್ಸ್‌ಟನ್, ನಾರ್ಡನ್ ಮುಂತಾದ ನಕಾಶೆಕಾರರ ಕೆಲಸ ತಗೊಂಡು ಚೆನ್ನಾಗಿಯೇ ಹೊಲಿದಿದ್ದಾನೆ. ತಾಮ್ರದ ತಗಡು ಕೆತ್ತಿದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಹೊಂಡಿಯಸ್. ಮೂಲೆಯಲ್ಲಿ ಬಕಿಂಗ್‌ಹ್ಯಾಮ್ ಊರಿನ ಪ್ಲಾನ್ ಇದೆ, ಸರಿ. ಜೊತೆಗೆ ಪಕ್ಕದ ಬರ್ಕ್‌ಶರ್‌ನ ರೆಡಿಂಗ್ ಕೂಡ ಇದೆ! ಬರ್ಕ್‌ಶರ್ ಹಾಳೆಯಲ್ಲಿ ವಿಂಡ್ಸರ್ ಕೋಟೆಯೇ ಅಷ್ಟು ಜಾಗ ತಿಂದರೆ ರೆಡಿಂಗ್ ಪಾಪ ಎಲ್ಲಿಗೆ ಹೋಗಬೇಕು?

ಸ್ಕ್ಯಾನಿಂಗ್, ಜೋಡಣೆ ಬಿಡಿ, ನಿಮಗೆ ಗೊತ್ತಿರುವುದೇ. ತಲೆ ತಿಂದಿದ್ದು ಹಾಳೆಯ ಹಿಂಬದಿ. ಸ್ಪೀಡ್ ಪ್ರತಿ ನಕಾಶೆಯ ಬೆನ್ನಿಗೆ ಆ ಕೌಂಟಿಯ ವರ್ಣನೆ ಅಚ್ಚು ಹಾಕಿಸಿದ್ದಾನೆ. ದಪ್ಪ ಅಚ್ಚುಮೊಳೆ, ಎಣ್ಣೆ ಮಸಿ. ಮುಂದಿನಿಂದ ಸ್ಕ್ಯಾನ್ ಮಾಡಿದರೆ ನಕಾಶೆಯ ಏಲ್ಸ್‌ಬರಿ ಊರಿನ ಸುತ್ತ ಕನ್ನಡಿ ಅಕ್ಷರಗಳ ಜಾತ್ರೆ.

ಫೋಟೊ ತಂತ್ರಾಂಶದಲ್ಲಿ ಲೆವೆಲ್ಸ್ (ಕಪ್ಪು-ಬಿಳುಪಿನ ಹದ) ಎಳೆದು ಬೆಳ್ಳಗೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮಾಡಿದರೆ ಥೇಮ್ಸ್ ನದಿಯ ಸಣ್ಣ ಗೆರೆಗಳೂ ಜೊತೆಗೇ ಮಾಯ. ಸ್ಕ್ಯಾನರ್ ಮುಚ್ಚಳದ ಬಿಳಿಗೆ ಕಪ್ಪು ಕಾಗದ ಹಾಕಿದ ಮೇಲೆ ಅರ್ಧ ಕಾಟ ತಪ್ಪಿತು. ಹಾಳೆ ದಾಟಿ ಹೋದ ಬೆಳಕು ವಾಪಸ್ ಬರುವುದಿಲ್ಲ, ಅಷ್ಟೇ ಗುಟ್ಟು. ಉಳಿದರ್ಧ ಬೇರೆ ಜಾತಿಯದು. ಮಸಿಯ ಎಣ್ಣೆಯೇ ಕಾಗದದೊಳಗೆ ಇಳಿದು ಕಂದಾಗಿದೆ. ಅದಕ್ಕೆ ಕಪ್ಪು ಕಾಗದ ಏನೂ ಮಾಡಲಾರದು.

ಇನ್ನು ಉಳಿದ ದಾರಿ ಒಂದೇ. ಬೆನ್ನನ್ನೂ ಸ್ಕ್ಯಾನ್ ಮಾಡಿ, ಕನ್ನಡಿ ತಿರುಗಿಸಿ, ಮುಂಭಾಗದ ಮೇಲೆ ಕೂರಿಸಿ, ಆ ಕಂದನ್ನು ಭಾಗಿಸಿ ತೆಗೆಯುವುದು. ಹೇಳುವುದು ಸುಲಭ. ಅಟ್ಲಾಸ್ ಹಾಳೆಗೆ ನಡುವೆ ಮಡಿಕೆ ಇರುತ್ತದಲ್ವಾ? ಆ ಮಡಿಕೆ ಗಾಜಿಗೆ ಸರಿಯಾಗಿ ಕೂರುವುದಿಲ್ಲ. ಎಡಭಾಗ ಹೊಂದಿಸಿದರೆ ಬಲಭಾಗ ಜಾರುತ್ತದೆ. ಅಂಚುಗಳನ್ನು ನಂಬಿದರೆ ನಡುವೆ ಕೆಡುತ್ತದೆ. ಎರಡೂ ಕಡೆ ಕಾಣುವ ಗುರುತು ಒಂದೂ ಇಲ್ಲ ಅಂದುಕೊಂಡೆವು.

ಇತ್ತು! ಪುಸ್ತಕದ ಹುಳು ಕೊರೆದ ತೂತುಗಳು. ಮುಂದಿನಿಂದ ನೋಡಿದರೂ ಹಿಂದಿನಿಂದ ನೋಡಿದರೂ ಅದೇ ತೂತು, ಅದೇ ಜಾಗ. ಕಪ್ಪು ಕಾಗದದ ಮೇಲೆ ಸೂಜಿ ಮೊನೆಯಷ್ಟು ಕರಿ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಕ್ಯೂಜಿಐಎಸ್ ಅನ್ನುವ ನಕಾಶೆ ತಂತ್ರಾಂಶದ ಜಿಯೊರೆಫರೆನ್ಸರ್‌ನಲ್ಲಿ (ಗುರುತಿಗೆ ಗುರುತು ಹೊಂದಿಸುವ ಸಾಧನ) ತೂತಿಗೆ ತೂತು ಹೊಂದಿಸಿ, ಚಿತ್ರವನ್ನು ರಬ್ಬರಿನಂತೆ ಎಳೆದು ಕೂರಿಸುವ ಥಿನ್ ಪ್ಲೇಟ್ ಸ್ಪ್ಲೈನ್ ಕೊಟ್ಟೆ. ಮಡಿಕೆಯ ಎರಡೂ ಬದಿ ಸುಮ್ನೆ ಹೋಗಿ ಕೂತವು. ಆಮೇಲೆ ಗಿಂಪ್ ಅನ್ನುವ ಚಿತ್ರ ತಂತ್ರಾಂಶದಲ್ಲಿ ಡಿವೈಡ್ ಮೋಡ್, ಅಂದರೆ ಮುಂಭಾಗವನ್ನು ಬೆನ್ನಿನ ಚಿತ್ರದಿಂದ ಭಾಗಿಸುವುದು. ಒಂದು ಎಚ್ಚರ: ಬೆನ್ನಿನ ಸ್ಕ್ಯಾನ್‌ನಲ್ಲಿ ನಕಾಶೆಯ ನೆರಳೂ ಇರುತ್ತದೆ. ಅದನ್ನು ಮೊದಲು ಬಿಳಿ ಮಾಡದಿದ್ದರೆ ನಕಾಶೆ ತನ್ನ ಗೆರೆಯನ್ನು ತಾನೇ ಅಳಿಸಿಕೊಳ್ಳುತ್ತದೆ.

ತಮಾಷೆ ಏನೆಂದರೆ, ಆ ತೂತುಗಳನ್ನು ಕ್ಲೋನ್ ಮಾಡಿ (ಪಕ್ಕದ ಕಾಗದದ ಬಣ್ಣ ನಕಲಿಸಿ) ಮುಚ್ಚಿ ಅಂತ ಸಮಿತಿಯ ಹಿರಿಯರೊಬ್ಬರು ಮೊದಲಿನಿಂದಲೂ ಹೇಳುತ್ತಿದ್ದರು. ಈಗ ಅವರೇ ಹುಳುವಿಗೆ ಕೃತಜ್ಞತೆ ಹಾಕಿ ಅನ್ನುತ್ತಿದ್ದಾರೆ.

ಮುದ್ರಣಕ್ಕೆ ಕಾಗದ ಕೊಟ್ಟವರ ವಿಷಯ ಕೇಳಬೇಡಿ. ಬ್ರೈಟನರ್ (ಕಾಗದ ಬೆಳ್ಳಗೆ ಕಾಣಿಸುವ ರಾಸಾಯನಿಕ) ಇಲ್ಲದ ಹತ್ತಿ ಕಾಗದ ಅಂತ ದುಡ್ಡು ತಗೊಂಡರು. ಯುವಿ ಟಾರ್ಚ್ ಬಿಟ್ಟರೆ ನೀಲಿ ಹಾಕಿ ಒಗೆದ ಪಂಚೆಯ ಹಾಗೆ ಹೊಳೆಯುತ್ತದೆ. ಫೋನ್ ಮಾಡಿದರೆ "ಹೊಸ ಬ್ಯಾಚ್" ಅಂತಾರೆ. ಬದಲಿ ಬರುವವರೆಗೆ ಪ್ರೂಫ್ (ಪರೀಕ್ಷೆಯ ಪ್ರಿಂಟ್) ಇಲ್ಲ.

ಆ ಬಿಡುವಿನಲ್ಲಿ ಓಗಿಲ್ಬಿಯ 1675ರ ರಸ್ತೆ ಪುಸ್ತಕ ತೆರೆದು ಕೂತಿದ್ದೇನೆ. ಸ್ಪೀಡ್ ರಸ್ತೆಯನ್ನೇ ಹಾಕಿಲ್ಲ, ಈ ಮನುಷ್ಯ ಹಾಕಿದ್ದೇ ರಸ್ತೆ. ನೂರು ಪ್ಲೇಟು, ಮೈಲಿಗೆ ಒಂದು ಇಂಚು, ರಸ್ತೆಯನ್ನು ಉದ್ದುದ್ದ ಪಟ್ಟಿಗಳಾಗಿ ಬಿಡಿಸಿದ್ದಾನೆ. ಮೊದಲ ಪ್ಲೇಟಿನ ಲಂಡನ್ ರಸ್ತೆ ನಮ್ಮ ವಿಕಂಬ್ ಮೂಲಕವೇ ಹೋಗುತ್ತದೆ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಏರು ಬಂದರೆ ಗುಡ್ಡ ನೆಟ್ಟಗೆ, ಇಳಿಜಾರಾದರೆ ಗುಡ್ಡ ತಲೆಕೆಳಗು! ಪಟ್ಟಿಗಳನ್ನು ಬಿಡಿಸಿ ಒಂದೇ ಉದ್ದ ಸುರುಳಿಯಾಗಿ ಪ್ರಿಂಟ್ ಮಾಡಿದರೆ ಹೇಗೆ? ಸಮಿತಿಗೆ ಇನ್ನೂ ಹೇಳಿಲ್ಲ. ಮುಂದಿನ ಸಭೆಯಲ್ಲಿ ಸ್ಪೀಡ್ ನಕಾಶೆಗೆ ಬಣ್ಣ ಬೇಕೋ ಬೇಡವೋ ಅನ್ನುವ ಜಗಳ ಮೊದಲು ಮುಗಿಯಲಿ.