ಕೆಂಪು ಪಟ್ಟಿಯ ಗುಟ್ಟು ಪೆನ್ ಡ್ರೈವಿನಲ್ಲಿತ್ತು

ಭಾವನ ಮನೆಯ ಅಡಿಕೆ ಸುಲಿತದ ಲೆಕ್ಕದ ಎಕ್ಸೆಲ್ ಫೈಲು ಕೊನೆಗೂ ಓಡ್ತಿದೆ. ಯಾರು ಎಷ್ಟು ಕೆ.ಜಿ. ಸುಲಿದರು, ಮುಂಗಡ ಎಷ್ಟು, ಕೈಗೆ ಎಷ್ಟು, ಒಂದು ಗುಂಡಿ ಒತ್ತಿದರೆ ಚೀಟಿ ಬರುತ್ತೆ. ಕೋಡಿನ ಬಗ್ಗೆ ಹೆಚ್ಚು ಹೇಳಲ್ಲ. ಮ್ಯಾಕ್ರೋ, ಅಂದ್ರೆ ಎಕ್ಸೆಲ್ ಒಳಗೇ ಓಡೋ ಸಣ್ಣ ಪ್ರೋಗ್ರಾಮು, ಬರೆಯೋ ವಿಬಿಎ ಎಡಿಟರಿನಲ್ಲಿ ಕನ್ನಡ ಟೈಪ್ ಮಾಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಬರೋದು. ಹಾಗಾಗಿ 'ಸಾವಿರದ ಇನ್ನೂರು ರೂಪಾಯಿ ಮಾತ್ರ' ಥರದ ಪದಗಳನ್ನೆಲ್ಲ ಒಂದು ಅಡಗಿಸಿದ ಹಾಳೆಯಲ್ಲಿಟ್ಟು ಅಲ್ಲಿಂದ ಎತ್ತಿಕೊಂಡೆ. ಅದು ಅರ್ಧ ದಿನದ ಕೆಲಸ. ಮೂರು ವಾರ ತಿಂದಿದ್ದು ಬೇರೆಯದೇ.

ನಾನಿರೋದು ಬೆಂಗಳೂರಿನಲ್ಲಿ. ಫೈಲನ್ನು ಮೇಲ್ ಮಾಡ್ತೀನಿ. ಸಾಗರ ಪೇಟೆಯಲ್ಲಿ ಕೆಲಸ ಮಾಡೋ ಅಕ್ಕನ ಮಗಳು ಅದನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿ, ಪೆನ್ ಡ್ರೈವಿಗೆ ಹಾಕಿ, ಸಂಜೆ ಮನೆಗೆ ಒಯ್ಯುತ್ತಾಳೆ. ಒಂದು ವರ್ಷ ಹೀಗೇ ನಡೆದಿತ್ತು. ಭಾವ ಫೈಲ್ ತೆರೆದರೆ ಹಳದಿ ಪಟ್ಟಿ ಬರ್ತಿತ್ತು, 'ಎನೇಬಲ್ ಕಂಟೆಂಟ್' ಒತ್ತಿದರೆ ಮುಗೀತು. ಈ ಸಲ ಹಳದಿ ಇಲ್ಲ, ಕೆಂಪು. ಒತ್ತೋಕೆ ಗುಂಡಿಯೂ ಇಲ್ಲ. ಇರೋದು 'ಇನ್ನಷ್ಟು ತಿಳಿಯಿರಿ' ಅನ್ನೋದೊಂದೇ.

"ಏನ್ ಮಾರಾಯ, ಸುಲಿಯೋರು ಅಂಗಳದಲ್ಲಿ ಕೂತಿದಾರೆ, ಇಲ್ಲಿ ನೋಡಿದ್ರೆ ನಿನ್ನ ಫೈಲ್ ಅಪಾಯಕಾರಿ ಅಂತಿದೆ!"

ಕೆಂಪು ಪಟ್ಟಿಯ ಕಥೆ ಗೊತ್ತಿತ್ತು. ಇಂಟರ್ನೆಟ್ಟಿನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ತಾನಾಗೇ ತಡೀತೀನಿ ಅಂತ ಮೈಕ್ರೋಸಾಫ್ಟ್ 2022ರ ಫೆಬ್ರವರಿಯಲ್ಲಿ ಹೇಳಿತು. ಜುಲೈನಲ್ಲಿ ಹಿಂದೆಗೆದು, ಅದೇ ತಿಂಗಳು ಮತ್ತೆ ಶುರು ಮಾಡಿತು. ತಪ್ಪೇನಿಲ್ಲ ಬಿಡಿ. 1999ರ ಮೆಲಿಸ್ಸಾ ವೈರಸ್ಸೂ ವರ್ಡ್ ಮ್ಯಾಕ್ರೋದೊಳಗೇ ಕೂತು ಬಂದಿದ್ದು. ಆದರೆ ಇದೇ ದಾರಿಯಲ್ಲಿ ಒಂದು ವರ್ಷ ಬಂದ ಫೈಲಿಗೆ ಈಗ್ಯಾಕೆ ಈ ಶಿಕ್ಷೆ?

ಮೊದಲು ಬುದ್ಧಿವಂತಿಕೆ ತೋರಿಸೋಕೆ ಹೋದೆ. ಸೆಲ್ಫ್‌ಸರ್ಟ್ ಅನ್ನೋ ಪ್ರೋಗ್ರಾಮು ತೆರೆದು ನನ್ನದೇ ಹೆಸರಿನ ಪ್ರಮಾಣಪತ್ರ ಮಾಡಿ, ಕೋಡಿಗೆ ಸಹಿ ಹಾಕಿ ಕಳಿಸಿದೆ. ನನ್ನ ಯಂತ್ರದಲ್ಲಿ ರಾಜಮರ್ಯಾದೆ. ಭಾವನ ಯಂತ್ರದಲ್ಲಿ ಮತ್ತೆ ಕೆಂಪು. ಅಂಥ ಪತ್ರವನ್ನು ನಂಬೋದು ಅದನ್ನು ಹುಟ್ಟಿಸಿದ ಯಂತ್ರ ಮಾತ್ರ. ನನ್ನ ಗುರುತಿನ ಚೀಟಿಯನ್ನು ನಾನೇ ಬರೆದುಕೊಂಡು ಹೋದ ಹಾಗೆ. ಎರಡು ರಾತ್ರಿ ಹೋಯ್ತು.

ಆಮೇಲೆ ಅಕ್ಕನ ಮಗಳು ಒಂದು ಮಾತು ಹೇಳಿದಳು. "ಮಾಮ, ಹಳೇ ಪೆನ್ ಡ್ರೈವಲ್ಲಿ ತಂದ್ರೆ ಹಳದಿ ಬರುತ್ತೆ, ಹೊಸದರಲ್ಲಿ ತಂದ್ರೆ ಕೆಂಪು." ಹೊಸದಕ್ಕೆ ವೈರಸ್ ಹೊಡೆದಿದೆ ಅಂತ ಭಾವನ ತೀರ್ಮಾನ.

ವಿಡಿಯೋ ಕಾಲಲ್ಲಿ ಎರಡನ್ನೂ ಚುಚ್ಚಿಸಿ, ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲಿ, ಫೈಲಿಗೆ ಅಂಟಿದ ಗುಪ್ತ ಮಾಹಿತಿಯನ್ನೂ ತೋರಿಸೋ 'ಡಿಐಆರ್ ಸ್ಲ್ಯಾಶ್ ಆರ್' ಹೊಡೆಸಿದೆ. ಹಳೇದರಲ್ಲಿ ಫೈಲಿನ ಹೆಸರು ಒಂದೇ ಸಾಲು. ಹೊಸದರಲ್ಲಿ ಅದೇ ಹೆಸರಿನ ಕೆಳಗೆ ಇನ್ನೊಂದು ಸಾಲು: ಝೋನ್ ಐಡೆಂಟಿಫೈಯರ್, ಫೈಲು ಎಲ್ಲಿಂದ ಬಂತು ಅಂತ ಹೇಳೋ ಚೀಟಿ. ನೋಟ್‌ಪ್ಯಾಡಿನಲ್ಲಿ ತೆರೆಸಿದರೆ ಝೋನ್ ಐಡಿ 3. ಅಂದ್ರೆ ಇಂಟರ್ನೆಟ್ ಸರಕು. ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ.

ಬ್ರೌಸರ್ ಇಳಿಸೋವಾಗ ಅಂಟಿಸೋ ಈ ಚೀಟಿ ನಿಲ್ಲೋದು ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಆದ ಡಿಸ್ಕಿನಲ್ಲಿ. ಹಳೇ 8 ಜಿಬಿ ಡ್ರೈವು ಫ್ಯಾಟ್32 ಅನ್ನೋ ಹಳೇ ವಿಧಾನದ್ದು. ಅಲ್ಲಿ ಚೀಟಿ ಇಡೋಕೆ ಜಾಗವೇ ಇಲ್ಲ, ಕಾಪಿ ಮಾಡೋವಾಗ ಸದ್ದಿಲ್ಲದೆ ಉದುರಿಹೋಗ್ತಿತ್ತು. ಹೊಸದನ್ನು ಕೊಟ್ಟ ಅಂಗಡಿಯವನು '4 ಜಿಬಿ ದಾಟಿದ ಸಿನಿಮಾನೂ ಹಿಡಿಸುತ್ತೆ' ಅಂತ ಕೇಳದೇ ಎನ್‌ಟಿಎಫ್‌ಎಸ್ ಮಾಡಿಕೊಟ್ಟಿದ್ದ. ಭಾವ ಸಿನಿಮಾ ನೋಡಲ್ಲ. ಒಂದು ವರ್ಷ ನನ್ನ ಫೈಲು ಓಡಿದ್ದು ನನ್ನ ಜಾಣತನದಿಂದ ಅಲ್ಲ, ಹಳೇ ಪೆನ್ ಡ್ರೈವಿನ ದಡ್ಡತನದಿಂದ!

      

ಹಳೇ ಡ್ರೈವನ್ನೇ ವಾಪಸ್ ಹಿಡಿಸಿದ್ದರೆ ಸುಲಭವಿತ್ತು, ಮನಸ್ಸು ಒಪ್ಪಲಿಲ್ಲ. ಎಲ್ಲ ಮ್ಯಾಕ್ರೋಗೂ ಬಾಗಿಲು ತೆಗೆಯೋ ಸೆಟ್ಟಿಂಗ್ ಮುಟ್ಟೋದಂತೂ ಬೇಡವೇ ಬೇಡ, ಭಾವ ಬ್ಯಾಂಕಿನ ಕೆಲಸವನ್ನೂ ಅದರಲ್ಲೇ ಮಾಡೋದು. ಸಿ ಡ್ರೈವಿನಲ್ಲಿ 'ಸುಲಿತ' ಅಂತ ಒಂದು ಫೋಲ್ಡರ್ ಮಾಡಿಸಿ, ಎಕ್ಸೆಲ್ ಏನೂ ಕೇಳದೆ ನಂಬೋ ಜಾಗಗಳ ಪಟ್ಟಿಗೆ, ಅಂದ್ರೆ ಟ್ರಸ್ಟ್ ಸೆಂಟರಿನ ಟ್ರಸ್ಟೆಡ್ ಲೊಕೇಶನ್ಸ್‌ಗೆ ಅದೊಂದನ್ನೇ ಸೇರಿಸಿದೆ. ಡೌನ್‌ಲೋಡ್ಸ್ ಫೋಲ್ಡರನ್ನು ಅಪ್ಪಿತಪ್ಪಿಯೂ ಸೇರಿಸಬೇಡಿ, ಊರಿನ ಕಸವೆಲ್ಲ ಬೀಳೋದು ಅಲ್ಲೇ. ನಾನು ಕಳಿಸಿದ್ದು ಮಾತ್ರ 'ಸುಲಿತ'ಕ್ಕೆ ಹೋಗಬೇಕು ಅಂತ ಅಕ್ಕನ ಮಗಳಿಗೆ ಹೇಳಿದ್ದೀನಿ. ಬೇರೆಲ್ಲೋ ಒಂದೇ ಸಲ ತೆರೆಯಬೇಕಾದರೆ ಫೈಲಿನ ಪ್ರಾಪರ್ಟೀಸಿಗೆ ಹೋಗಿ 'ಅನ್‌ಬ್ಲಾಕ್'ಗೆ ಟಿಕ್ ಹಾಕಿದರೂ ಸಾಕು.

ನಿನ್ನೆ ರಾತ್ರಿ ಭಾವನ ಫೋನ್. ಚೀಟಿ ಬಂತಂತೆ, ಲೆಕ್ಕ ತಾಳೆಯಾಯ್ತಂತೆ.

"ಆದ್ರೆ ಮಾರಾಯ, ಈಗ ಹಳದಿ ಪಟ್ಟಿನೂ ಬರ್ತಿಲ್ಲ. ಏನೋ ಹಾಳಾಗಿದೆ, ನೋಡು."